ಪುಸ್ತಕದಲ್ಲಿ ಅವಳು ಬಸ್ಸು ಹತ್ತುತ್ತಾಳೆ

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾನು ರವಿಕೆ ಹೊಲಿಯಲು ಕೂತು ಇಪ್ಪತ್ತೆಂಟು ವರ್ಷವಾಯಿತು. ನನಗೆ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಬರುತ್ತಾರೆ, ಬಾಯಿ ಹೇಗಾದರೂ ಇರಲಿ, ಕತ್ತರಿ ನೆಟ್ಟಗಿದೆಯಲ್ಲ. ಮೈಮೇಲೆ ಟೇಪು ಇಡಿಸಿಕೊಳ್ಳಲು ನಮ್ಮ ಕಡೆಯ ಹೆಂಗಸರಿಗೆ ಇವತ್ತಿಗೂ ಸಂಕೋಚ. ಮೈಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಚೀಲಕ್ಕೆ ಹಾಕಿ ತರುತ್ತಾರೆ. ಅದಕ್ಕೆ ಅಳತೆ ರವಿಕೆ ಅನ್ನುವುದು. ಎಷ್ಟೋ ಜನ ಅದನ್ನು ನನ್ನಲ್ಲೇ ಬಿಟ್ಟು ಹೋಗುತ್ತಾರೆ. ಅವರಲ್ಲಿ ಕೆಲವರು ಈಗ ಇಲ್ಲ. ಅವರ ರವಿಕೆಗಳನ್ನು ಎಸೆಯಲು ನನಗೆ ಕೈ ಬರುವುದಿಲ್ಲ, ಕಪಾಟಿನಲ್ಲಿ ಹಾಗೆಯೇ ಇವೆ.

ತೀರಾ ಕೆಳಗಿನ ಡ್ರಾಯರಿನಲ್ಲಿ ನನ್ನ ಅಕ್ಕನದೊಂದಿತ್ತು. ಅವಳು ಸತ್ತವಳಲ್ಲ, ಹೋದವಳು. ಹಾಗೆಂದು ನಾನು ಮೂವತ್ತೊಂಬತ್ತು ವರ್ಷ ನಂಬಿಕೊಂಡಿದ್ದೆ.

ಆಗ ನಾವು ಮುತ್ತಿನಕೊಪ್ಪದ ಹತ್ತಿರ, ಭದ್ರಾ ಹಿನ್ನೀರಿನ ಅಂಚಿಗೆ ಇದ್ದೆವು. ಅಪ್ಪ ಅಮ್ಮ ಕೂಲಿಗೆ ಹೋಗುತ್ತಿದ್ದರು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಬಸ್ಸಿನಲ್ಲಿ ನರಸಿಂಹರಾಜಪುರಕ್ಕೆ ಹೊಲಿಗೆ ಕಲಿಯಲು ಹೋಗುತ್ತಿದ್ದಳು, ಬರುವಾಗ ಲೈಬ್ರರಿಯಿಂದ ಕಾದಂಬರಿ ತರುತ್ತಿದ್ದಳು. ಒಂದು ಪುಸ್ತಕವನ್ನಂತೂ ತಿರುಗಿ ತಿರುಗಿ ತರುತ್ತಿದ್ದಳು. ಹೆಸರು ಹೇಳುವುದಿಲ್ಲ, ನಿಮ್ಮ ಅಮ್ಮಂದಿರು ಓದಿಯೇ ಇರುತ್ತಾರೆ. ಅಣೆಕಟ್ಟಿನ ನೀರು ಏರುತ್ತಿರುವ ಒಂದು ಊರು, ಅಲ್ಲಿಗೆ ಸರ್ವೆಗೆ ಬಂದ ಒಬ್ಬ, ಅವನನ್ನು ನೆಚ್ಚಿಕೊಂಡ ಒಬ್ಬಳು. ಊರು ಮುಳುಗುವ ಮೊದಲು ಬಂದು ಕರೆದೊಯ್ಯುತ್ತೇನೆ ಎಂದು ಹೋದವನು ಪುಟಗಟ್ಟಲೆ ಬರುವುದೇ ಇಲ್ಲ. ಕಡೆಯ ಅಧ್ಯಾಯದಲ್ಲಿ ಊರಿನ ಕಡೆಯ ಬಸ್ಸು ಬರುತ್ತದೆ, ಅದರಿಂದ ಅವನು ಇಳಿಯುತ್ತಾನೆ, ಅವಳು ಹತ್ತುತ್ತಾಳೆ. ಸಂಜೆ ಅಮ್ಮ ಅವರೆಕಾಳು ಸುಲಿಯುತ್ತ ಕೂತಾಗ ಅಕ್ಕ ಅದನ್ನು ನಮಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಬಸ್ಸು ಬರುವ ಪುಟ ಬಂದರೆ ಅಮ್ಮನ ಕೈ ನಿಂತುಬಿಡುತ್ತಿತ್ತು.

ನನಗೆ ಹನ್ನೊಂದಾಗಿದ್ದಾಗ, ಒಂದು ಶ್ರಾವಣದ ಬೆಳಗ್ಗೆ ಅಕ್ಕ ಮನೆಯಲ್ಲಿರಲಿಲ್ಲ. ಅಪ್ಪ ಸಿಕ್ಕಸಿಕ್ಕಲ್ಲಿ ಹುಡುಕಿದ. ಅಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ನಾಲ್ಕನೆಯ ದಿನ ಅಮ್ಮನೇ ಹೇಳಿದಳು, ಅಕ್ಕ ಮರದ ನಾಟಾ ಡಿಪೋದ ಗುಮಾಸ್ತನ ಜೊತೆ ಬೆಳಗಿನ ಬಸ್ಸು ಹತ್ತಿ ಹೋದಳು ಎಂದು. ಆ ಗುಮಾಸ್ತ ಹಿಂದಿನ ಬೇಸಿಗೆಯಲ್ಲೇ ವರ್ಗವಾಗಿ ಹೋಗಿದ್ದ, ಅವನಿಗೂ ಅಕ್ಕನಿಗೂ ಏನೋ ಇದೆಯೆಂದು ಊರಿನಲ್ಲಿ ಮಾತಿತ್ತು. ಅಪ್ಪ ಆಮೇಲೆ ಸಾಯುವವರೆಗೂ ಅವಳ ಹೆಸರೆತ್ತಲಿಲ್ಲ. ನನಗೆ ಮಾತ್ರ ಒಳಗೊಳಗೇ ಹೆಮ್ಮೆ. ನಮ್ಮ ಮನೆಯಲ್ಲೂ ಒಬ್ಬಳು ಬಸ್ಸು ಹತ್ತಿದಳಲ್ಲ! ಎಲ್ಲಿದ್ದಾಳೋ, ಚೆನ್ನಾಗಿರುತ್ತಾಳೆ, ಒಂದು ದಿನ ಬಂದೇ ಬರುತ್ತಾಳೆ. ಶೃಂಗೇರಿಗೆ ಹೋದರೂ ಊಟದ ಪಂಕ್ತಿಯಲ್ಲಿ ಅವಳ ವಯಸ್ಸಿನವರ ಮುಖ ನೋಡುತ್ತಲೇ ಉಣ್ಣುತ್ತಿದ್ದೆ.

ಹೋದ ವರ್ಷ ಆ ಕಾದಂಬರಿ ಧಾರಾವಾಹಿಯಾಯಿತು. ಚಿತ್ರೀಕರಣಕ್ಕೆ ನಮ್ಮ ಕಡೆಗೇ ಬಂದರು. ಬಟ್ಟೆಯ ಉಸ್ತುವಾರಿ ನೋಡುವ ಹುಡುಗಿಯೊಬ್ಬಳು ಏಪ್ರಿಲ್ ಬಿಸಿಲಿನಲ್ಲಿ ಬೆವರು ಸುರಿಸುತ್ತ ನನ್ನ ಅಂಗಡಿಗೆ ಬಂದಳು. ನಾಯಕಿಗೆ ಹಳೇ ಕಾಲದ ಆರು ರವಿಕೆ ಬೇಕು, ಮೂರೇ ದಿನ. ನಟಿಯ ಅಳತೆ ರವಿಕೆ ಇದ್ದ ಪ್ಲಾಸ್ಟಿಕ್ ಚೀಲಕ್ಕೆ ಗಂಟು ಹಾಕಿ ಮೇಜಿನ ಮೂಲೆಗಿಟ್ಟು ಹೋದಳು. "ಮೂರು ದಿನದಲ್ಲಿ ರವಿಕೆ ಆಗ್ತದೆ, ನನ್ನ ಬೆನ್ನು ಉಳಿಯಲ್ಲ ಮಾರಾಯ್ತಿ" ಎಂದು ಬೈದೇ ಒಪ್ಪಿಕೊಂಡೆ. ಬೇರೆ ಧಾರಾವಾಹಿಯಾಗಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆ.

ಆಗಿನ ಕತ್ತು, ಗಿಡ್ಡ ತೋಳು ಹೇಗಿತ್ತೆಂದು ನೋಡಿಕೊಳ್ಳಲು ಅಕ್ಕನ ರವಿಕೆ ಹೊರಗೆ ತೆಗೆದೆ. ಅವಳ ಎಡ ಭುಜ ಬಲಕ್ಕಿಂತ ಅರ್ಧ ಇಂಚು ಕೆಳಗೆ. ಚಿಕ್ಕವಳಿದ್ದಾಗ ನೇರಳೆ ಮರದಿಂದ ಬಿದ್ದು, ಮುರಿದ ಮೂಳೆ ಹೇಗೋ ಕೂಡಿಕೊಂಡದ್ದು. ತನ್ನ ರವಿಕೆ ತಾನೇ ಹೊಲಿದುಕೊಳ್ಳುತ್ತಿದ್ದವಳು, ಎಡಗಡೆ ಅಷ್ಟು ಇಳಿಸಿಯೇ ಕತ್ತರಿಸಿದ್ದಳು. ಅದನ್ನು ಎದುರಿಗಿಟ್ಟುಕೊಂಡು ಬಟ್ಟೆ ಹಾಸಿದೆ. ಎರಡು ದಿನ ತಲೆ ಎತ್ತಲಿಲ್ಲ.

ಹುಕ್ಕು ಹಾಕುವ ಕೆಲಸ ಅಮ್ಮನದು. ಎಂಬತ್ತರ ಹತ್ತಿರ ಬಂದರೂ ಕನ್ನಡಕ ಏರಿಸಿ ಬಾಗಿಲ ಬಳಿ ಕೂತು ಹಾಕುತ್ತಾಳೆ. ಆರನೆಯ ರವಿಕೆ ಕೈಗೆ ತೆಗೆದುಕೊಂಡವಳು ಎಡ ಭುಜದ ಮೇಲೆ ಬೆರಳಿಟ್ಟು ಸುಮ್ಮನೆ ಕೂತಳು. "ಎಂತ ಆತು?" ಎಂದೆ. ಅವಳು ಬೆರಳು ತೆಗೆಯಲಿಲ್ಲ. ಆಗ ನಾನು ಮೇಜಿನ ಮೂಲೆ ನೋಡಿದೆ. ನಟಿಯ ಚೀಲದ ಗಂಟು ಹಾಕಿದ ಹಾಗೇ ಇತ್ತು. ನಾನು ಅದನ್ನು ಬಿಚ್ಚಿಯೇ ಇರಲಿಲ್ಲ.

ಆರಕ್ಕೆ ಆರೂ ಅಕ್ಕನ ಅಳತೆಗೇ ಕತ್ತರಿಸಿದ್ದೆ. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರ ಬಟ್ಟೆಯನ್ನು ಇನ್ನೊಬ್ಬರ ಅಳತೆಗೆ ಕತ್ತರಿಸಿದವಳಲ್ಲ ನಾನು. ಬಿಚ್ಚಿ ಸರಿಮಾಡೋಣವೆಂದರೆ ಅಷ್ಟರಲ್ಲೇ ವ್ಯಾನು ಬಂದು ನಿಂತಿತು, ನಟಿಯೇ ಇಳಿದು ಬಂದಳು. ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗಿ. ನಾನು ತಡೆಯುವಷ್ಟರಲ್ಲಿ ಒಂದನ್ನು ಎತ್ತಿಕೊಂಡು ಪರದೆಯ ಹಿಂದೆ ಹೋದಳು. ಬಂದಾಗ ನಗುತ್ತಿದ್ದಳು.

"ಆಂಟಿ, ನನ್ನ ಎಡ ಭುಜ ಸ್ವಲ್ಪ ಕೆಳಗಿದೆ. ಯಾವ ಟೈಲರೂ ಕಂಡುಹಿಡಿದಿಲ್ಲ. ನೀವು ಹೇಗೆ ಕಂಡುಹಿಡಿದ್ರಿ?"

ಒಂದು ಹೊಲಿಗೆಯನ್ನೂ ಬಿಚ್ಚಬೇಕಾಗಿರಲಿಲ್ಲ. ಒಂದು ಸುಕ್ಕೂ ಇರಲಿಲ್ಲ. "ನಿನ್ನ ಅಮ್ಮನ ಊರು ಯಾವುದು ಮಗಾ?" ಎಂದೆ.

"ಶೃಂಗೇರಿ ಕಡೆ ಎಲ್ಲೋ ಅಂತೆ. ಅಮ್ಮ ಹೇಳಲ್ಲ. ಮನೇಲಿ ಒಪ್ಪದ ಮದುವೆ, ಹೊರಟು ಬಂದವರು."

ಬಾಗಿಲಲ್ಲಿ ಕೂತಿದ್ದ ಅಮ್ಮ ಕನ್ನಡಕ ತೆಗೆದು ಅವಳನ್ನು ನೋಡುತ್ತಿದ್ದಳು, ಮುಖವನ್ನಲ್ಲ, ಕಾಲನ್ನು. "ಕಾಲು ಒರೆಸ್ಕೊಂಡು ಬಾ, ಒಳಗೆಲ್ಲ ನೀರಾಗ್ತದೆ" ಎಂದಳು. ಓಣಿಯಲ್ಲಿ ಧೂಳು ಏಳುತ್ತಿತ್ತು. ಹುಡುಗಿಯ ಪಾದ ಒಣಗಿ ಬೆಳ್ಳಗಿತ್ತು. ಅವಳು ನಕ್ಕು, ಅಜ್ಜಿಯ ಮಾತಿಗೆ ಬೆಲೆ ಕೊಟ್ಟು, ಗೋಣಿಯ ಮೇಲೆ ಕಾಲು ಒರೆಸಿದಳು.

ಅವಳು ಹೋದ ಮೇಲೆ ನಾನು ಅಮ್ಮನ ಎದುರು ಕುಕ್ಕರಿಸಿದೆ. "ಅಮ್ಮ, ಅದು ಅಕ್ಕನ ಮಗಳೇ. ನೋಡಿದ್ಯಲ್ಲ, ಭುಜ!"

"ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ನೀ ಕಂಡಿದ್ದು ಒಂದು ಭುಜ" ಎಂದು ಅಮ್ಮ ಒಳಗೆ ಹೋದಳು.

ನನಗೆಲ್ಲಿಯ ಪ್ರಮಾಣ! ಉಸ್ತುವಾರಿ ಹುಡುಗಿಯ ಬೆನ್ನು ಹತ್ತಿದೆ. ಆ ನಟಿಯ ಅಮ್ಮನ ಫೋನ್ ನಂಬರು ಕೊಡು ಎಂದು ವಾರಕ್ಕೊಮ್ಮೆ ಕೇಳಿದೆ. "ಕೇಳಿ ಹೇಳ್ತೀನಿ ಆಂಟಿ" ಎನ್ನುತ್ತಲೇ ಕಾಲ ತಳ್ಳಿದಳು. ಮಳೆಗಾಲದಲ್ಲಿ ಧಾರಾವಾಹಿ ಶುರುವಾಯಿತು, ಸಂಜೆ ಆರೂವರೆಗೆ.

ಕಾದಂಬರಿಯನ್ನು ಟಿವಿಗೆ ತರುವವರನ್ನು ನನ್ನ ಮೇಜಿನೆದುರು ಒಂದು ದಿನ ಕೂರಿಸಬೇಕು. ಬಟ್ಟೆ ಇದ್ದಷ್ಟಕ್ಕೇ ಅಂಗಿ ಹೊಲಿಯಬೇಕು ಎನ್ನುವುದು ಅವರಿಗೆ ಗೊತ್ತಿಲ್ಲ. ಪುಸ್ತಕದಲ್ಲಿಲ್ಲದ ಒಬ್ಬಳು ಅತ್ತೆ ಬಂದಳು, ಮಲಗುವಾಗಲೂ ಕತ್ತಿನಲ್ಲಿ ಕಾಸಿನ ಸರ. ಪುಸ್ತಕದಲ್ಲಿ ಒಂದು ಸಾಲಿನ ಜ್ವರ ಇಲ್ಲಿ ಎರಡು ವಾರ ಇಳಿಯಲಿಲ್ಲ. ಬೈದುಕೊಂಡೇ ನೋಡಿದೆ, ಒಂದು ದಿನವೂ ತಪ್ಪಿಸಲಿಲ್ಲ. ಆ ಹುಡುಗಿ ಬೆನ್ನು ತಿರುಗಿಸಿ ನಡೆದಾಗಲೆಲ್ಲ ಅಕ್ಕನೇ ಬಸ್ಸಿಗೆ ಹೊರಟಂತೆ ಕಾಣುತ್ತಿತ್ತು. ಅಮ್ಮ ಮಾತ್ರ, ಬೇರೆ ಯಾವ ಧಾರಾವಾಹಿಯನ್ನೂ ಬಿಡದವಳು, ಇದರ ಹಾಡು ಶುರುವಾದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. "ಆ ಹಾಳಾದ್ದನ್ನ ಎಂತಕ್ಕೆ ಹಾಕ್ತಿ?" ಎನ್ನುತ್ತಿದ್ದಳು.

ಕಡೆಯ ಕಂತಿನ ದಿನ ಮಧ್ಯಾಹ್ನ ನಂಬರು ಬಂತು. ಕಡೆಯ ಕಂತಿನಲ್ಲಿ ಬಸ್ಸು ಬರಲಿ, ಅಕ್ಕನೂ ಎಲ್ಲೋ ಕೂತು ಅದನ್ನು ನೋಡಲಿ, ನಾಳೆ ಬೆಳಗ್ಗೆ ಫೋನ್ ಮಾಡೋಣ ಎಂದುಕೊಂಡೆ. ಅಮ್ಮನಿಗೆ ಹೇಳಿದೆ, "ನಾಳೆ ಅಕ್ಕನ ಹತ್ರ ಮಾತಾಡ್ತೀನಿ. ನೀನೂ ಮಾತಾಡು. ಸಾಕು ನಿನ್ನ ಕೋಪ." ಅಮ್ಮ ನನ್ನ ಮುಖ ನೋಡಿದಳು. ಆವತ್ತು ಸಂಜೆ ಹಾಡು ಶುರುವಾದಾಗ ಹಿತ್ತಲಿಗೆ ಹೋಗಲಿಲ್ಲ. ಚಾಪೆ ಎಳೆದುಕೊಂಡು ಬಂದು ಟಿವಿಯ ಎದುರು, ನನ್ನ ಪಕ್ಕಕ್ಕೆ ಕೂತಳು.

ಬಸ್ಸು ಬರಲಿಲ್ಲ. ಹಿನ್ನೀರು ಬಂತು. ಬೆಳಗಿನ ಮಂಜು, ನೀರಿನ ನಡುವೆ ನಿಂತ ಸತ್ತ ಮರಗಳು, ದಂಡೆಯ ಮೇಲೆ ಅವಳೊಬ್ಬಳೇ. "ಇದೆಂತದು! ಪುಸ್ತಕದಲ್ಲಿ ಹಿಂಗಿಲ್ಲ!" ಎಂದು ನಾನು ಕೂಗಿದೆ. ಅಮ್ಮ ನನ್ನ ಮಾತು ಕೇಳಿಸಿಕೊಂಡ ಹಾಗಿರಲಿಲ್ಲ.

"ಈಗ ಚಪ್ಪಲಿ ಬಿಡ್ತಾಳೆ" ಎಂದಳು.

ಟಿವಿಯಲ್ಲಿ ಅವಳು ಚಪ್ಪಲಿ ಬಿಟ್ಟಳು.

"ಜೋಡಿಸಿಡ್ತಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸ್ತಾಳೆ."

ಬಗ್ಗಿ ಜೋಡಿಸಿಟ್ಟಳು. ಸೆರಗು ಸಿಕ್ಕಿಸಿದಳು. ಇದು ಮೊದಲ ಸಲ ಬರುತ್ತಿರುವ ಕಂತು, ಅಮ್ಮ ಈ ಧಾರಾವಾಹಿಯ ಒಂದು ದೃಶ್ಯವನ್ನೂ ನೋಡಿದವಳಲ್ಲ.

"ತಿರುಗಿ ನೋಡದಿಲ್ಲ" ಎಂದಳು ಅಮ್ಮ.

ಅವಳು ನೋಡಲಿಲ್ಲ. ಮೊಣಕಾಲು, ಸೊಂಟ, ಆಮೇಲೆ ಒಂದು ಕೆಳಗೆ ಒಂದು ಮೇಲೆ ಇದ್ದ ಆ ಎರಡು ಭುಜ. ನೀರು ಮುಚ್ಚಿಕೊಂಡಿತು. ಹೆಸರುಗಳು ಮೇಲೇರತೊಡಗಿದವು. ನಾನು ಟಿವಿ ಆರಿಸಿದೆ.

"ಅಮ್ಮ, ನಿಂಗೆ ಹೆಂಗೆ ಗೊತ್ತಾತು?"

"ಸೊಪ್ಪು ಕೊಯ್ಯಕ್ಕೆ ಹೋಗಿದ್ದೆ. ಆಚೆ ದಂಡೇಲಿದ್ದೆ. ಕೂಗ್ದೆ, ಕೇಳಿಸ್ಲಿಲ್ಲ ಅವಳಿಗೆ. ನಂಗೆ ಈಜು ಬರದಿಲ್ಲ." ಅಮ್ಮನ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಒಂದು ತಿಂಗಳು ದಿನಾ ಬಟ್ಟೆ ಒಗೆಯಕ್ಕೆ ಅಂತ ಅಲ್ಲಿಗೇ ಹೋಗ್ತಿದ್ದೆ. ಏನೂ ಮೇಲೆ ಬರ್ಲಿಲ್ಲ."

ಮೊದಲು ಅಮ್ಮನಿಗೆ ಅರಳುಮರಳು ಎಂದುಕೊಂಡೆ. ಅವಳ ಕಣ್ಣು ನೋಡಿದ ಮೇಲೆ ಹಾಗಂದುಕೊಳ್ಳಲು ಆಗಲಿಲ್ಲ. ಎಂಬತ್ತರ ಮುದುಕಿ ಎಂದೂ ನೋಡದೆ ಅರಚಿದೆ. "ಬಸ್ಸು ಹತ್ತಿದ್ಲು ಅಂದ್ಯಲ್ಲ! ಇಷ್ಟು ವರ್ಷ ನನ್ನ ದಾರಿ ಕಾಯಿಸಿದ್ಯಲ್ಲ! ಹೆತ್ತವಳಾ ನೀನು?"

ಅಮ್ಮ ಚಾಪೆಯ ಅಂಚನ್ನು ಸರಿಮಾಡಿದಳು.

"ಅದು ಪುಸ್ತಕದ್ದು. ಅವಳು ಓದಿ ಹೇಳ್ತಿದ್ದದ್ದು. ನೀನು ಮೂರು ದಿನ ಅನ್ನ ಮುಟ್ಟಿರ್ಲಿಲ್ಲ, ನೀರೂ ಇಳೀತಿರ್ಲಿಲ್ಲ. ಒಬ್ಳು ಹೋದ್ಲು, ಇನ್ನೊಬ್ಳೂ ಹೋಗ್ತಾಳೆ ಅಂತ ಹೆದರ್ಕೆ ಆತು. ಬೇರೆ ಕಥೆ ನಂಗೆ ಬರ್ತಿರ್ಲಿಲ್ಲ. ಬಸ್ಸು ಹತ್ತಿದ್ಲು ಅಂದೆ. ನೀ ಎದ್ದು ತಟ್ಟೆ ತಂದಿ."

ಆ ಊಟ ನನಗೆ ಚೆನ್ನಾಗಿ ನೆನಪಿದೆ. ಗಂಜಿ, ಸುಟ್ಟ ಹಪ್ಪಳ. ಅಕ್ಕ ಹೋದ ಖುಷಿಗೆ ನಾನು ಎರಡು ಸಲ ಹಾಕಿಸಿಕೊಂಡಿದ್ದೆ.