ಮಲ್ಲಿಗೆಯ ಪಥ್ಯ

ಋತುಗಳ ವಿಷಯದಲ್ಲಿ ನಾನು ಕ್ಯಾಲೆಂಡರನ್ನು ನಂಬುವವಳಲ್ಲ. ಕೋಲ್ಕತ್ತಾಗೆ ವಸಂತ ಬಂತೆಂದು ನನಗೆ ತಿಳಿಯುವುದು ನನ್ನ ಗಂಡನ ತಲೆಯಿಂದ ಮಂಕಿ ಟೋಪಿ ಇಳಿದಾಗ. ಉಡುಪಿಯಲ್ಲಿ ಹುಟ್ಟಿದ ಆ ಮನುಷ್ಯನಿಗೆ ಚಳಿಗೆ ಹೆದರುವ ವಿದ್ಯೆಯನ್ನು ಕಲಿಸಿದ್ದು ಈ ಊರೇ. ಟೋಪಿ ಒಗೆದು, ರಜಾಯಿಗಳನ್ನು ಟೆರೇಸಿನ ಬಿಸಿಲಿಗೆ ಹಾಕಿ, ನುಸಿಗುಳಿಗೆ ಇಟ್ಟು ಮಡಚಿದರೆ ಮನೆಯೊಳಗಿನ ವಸಂತ ಸಿದ್ಧ. ಉಳಿದದ್ದು ಟೆರೇಸಿನ ಕುಂಡಗಳು. ಲೇಕ್ ಗಾರ್ಡನ್ಸ್ ಎಂಬ ನಮ್ಮ ಬಡಾವಣೆಯ ಹೆಸರಿನಲ್ಲಿ ಕೆರೆಯೂ ಇದೆ, ತೋಟವೂ ಇದೆ. ನಮ್ಮ ಪಾಲಿಗೆ ಬಂದಿರುವುದು ಮಾತ್ರ ಲೋಕಲ್ ರೈಲಿನ ಸದ್ದು ಮತ್ತು ಎಲೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಒದ್ದೆ ಬಟ್ಟೆ ಹಿಡಿದು ಒಂದೊಂದೇ ಎಲೆ ಒರೆಸುತ್ತೇನೆ. ಮನೆಯ ಕಿಟಕಿಗಳಿಗೆ ಈ ಭಾಗ್ಯವಿಲ್ಲ ಎಂದು ಗಂಡನ ದೂರು.

ಆದರೆ ಒಂದು ಕುಂಡವನ್ನು ನಾನು ಮುಟ್ಟುವಂತಿಲ್ಲ. ಅದು ಅತ್ತೆಯದು. ನಮ್ಮೊಡನೆ ಇರಲು ಹೊರಟಾಗ ಅವರು ತವರಿನ ಮಲ್ಲಿಗೆಯ ಗೆಲ್ಲೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹೌರಾ ತಲುಪುವವರೆಗೂ ಮಡಿಲಲ್ಲೇ ಇಟ್ಟುಕೊಂಡಿದ್ದರು. ಮೊದಲ ಹೂ ದೇವರ ಕೋಣೆಯ ಕೃಷ್ಣನಿಗೆ ಎಂದು ಹರಕೆ ಹೇಳಿಕೊಂಡೂ ಆಗಿತ್ತು. ಗಿಡವೋ, ವರ್ಷ ವರ್ಷವೂ ಎಲೆ ಬಿಟ್ಟಿತೇ ಹೊರತು ಒಂದು ಮೊಗ್ಗಿಲ್ಲ. ಇಲ್ಲಿಯ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಇಲ್ಲವೇ? ಉಂಟು. ತಂದುಕೊಟ್ಟರೆ ಮೂಸಿ, "ಚಂದ ಉಂಟು. ಆದ್ರೆ ನಮ್ದಲ್ಲ" ಎನ್ನುತ್ತಾರೆ. ಬಾಯಿಬಿಟ್ಟು ಹೇಳದಿದ್ದರೂ ಅವರ ಭಯ ನನಗೆ ಗೊತ್ತಿತ್ತು: ಈ ಮಣ್ಣು ಗಿಡಕ್ಕೆ ಒಗ್ಗದಿದ್ದರೆ ತನಗೂ ಒಗ್ಗಲಿಕ್ಕಿಲ್ಲ.

ಈ ಚಳಿಗಾಲದಲ್ಲಿ ಅತ್ತೆ ಕತ್ತರಿ ಹಿಡಿದರು. ಗೆಲ್ಲು ಸವರಿ, ಎಲೆಯನ್ನೆಲ್ಲ ಕಿತ್ತು, ನೀರು ನಿಲ್ಲಿಸಿದರು. ಹೂ ಬಿಡಬೇಕಾದರೆ ಮಲ್ಲಿಗೆ ಕೆಲವು ದಿನ ಪಥ್ಯದಲ್ಲಿರಬೇಕು ಎಂಬುದು ಅವರ ತವರಿನ ಪದ್ಧತಿ. "ಒಂದು ತೊಟ್ಟು ನೀರು ಹಾಕಿದಿಯೋ, ನೋಡು!" ಎಂದು ನನಗೆ ತಾಕೀತಾಯಿತು. ಕುಂಡದಲ್ಲಿ ಉಳಿದದ್ದು ಬರೀ ಕಡ್ಡಿ.

ವಿಚಿತ್ರವೆಂದರೆ ನೀರು ಕಾಣದ ಆ ಮಣ್ಣು ಯಾವಾಗ ಕದ್ದು ಮುಟ್ಟಿದರೂ ತಂಪು. ಓಣಿಯ ಬೆಕ್ಕೊಂದು ಮೇಲೆ ಬಂದು ಅದೊಂದೇ ಕುಂಡಕ್ಕೆ ಪ್ರದಕ್ಷಿಣೆ ಹಾಕುತ್ತಿತ್ತು. ಮಣ್ಣಿಗೆ ಇಬ್ಬನಿ ಕಾರಣ ಎಂದೆ ನಾನು. ಬೆಕ್ಕಿಗೆ ಪೂರ್ವಜನ್ಮದ ಪುಣ್ಯ ಕಾರಣ ಎಂದರು ಅತ್ತೆ.

ಇಲ್ಲಿ ವಸಂತ ಪಂಚಮಿಗೆ ಬರುವ ಸರಸ್ವತಿ ಪೂಜೆಯ ಹಳದಿ ಸೀರೆಗಳೆಲ್ಲ ಬೀರು ಸೇರಿದ ಮೇಲೆ ಕಡ್ಡಿಯಲ್ಲಿ ಚಿಗುರೊಡೆಯಿತು. ಚಿಗುರಿನ ತುದಿಯಲ್ಲಿ, ದೇವರೇ, ಮೊಗ್ಗು! ನಾನು ಬಿಸಿಲಿಗೆ ತಂದಿದ್ದ ರಜಾಯಿ ಕೆಳಗೆ ಹಾಕಿ ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಎಲ್ಲಿತ್ತು ಇದು? ಆ ಕಡ್ಡಿಯನ್ನು ಸೀಳಿ ನೋಡಿದ್ದರೆ ಒಳಗೆ ಬಿಳುಪು ಸಿಗುತ್ತಿರಲಿಲ್ಲ, ಪರಿಮಳವೂ ಸಿಗುತ್ತಿರಲಿಲ್ಲ. ಯಾರೂ ಕರೆಯದೆ, ಯಾರೂ ಕಲಿಸದೆ, ಅಷ್ಟು ಬಿಳಿಯಾಗುವುದು ಹೇಗೆ ಎಂದು ಅದಕ್ಕೆ ಗೊತ್ತಿತ್ತು. ಪಕ್ಕದಲ್ಲಿ ಅತ್ತೆ ಕೈ ಮುಗಿದು ನಿಂತಿದ್ದರು, ಕಣ್ಣಲ್ಲಿ ನೀರು.

ಅಷ್ಟರಲ್ಲಿ ಕೆಳಗಿನ ಮನೆಯ ಬೌದಿ ಬಟ್ಟೆ ಒಣಗಿಸಲು ಬಂದರು. ಬೌದಿ ಎಂದರೆ ಅತ್ತಿಗೆ. ಪಾಡಾದವರಿಗೆಲ್ಲ, ಎಂದರೆ ಇಡೀ ಓಣಿಗೇ, ಅವರು ಅತ್ತಿಗೆ. ಮೊಗ್ಗು ನೋಡಿದ್ದೇ ಚಪ್ಪಾಳೆ ತಟ್ಟಿದರು. "ಬೇಂಚೆ ಗೆಛೆ! ಬದುಕಿತಲ್ಲ! ನೀವು ಪಾಪ ಅದನ್ನು ಉಪವಾಸ ಕೆಡವಿದ್ದಿರಿ. ನನಗೆ ನೋಡಲಾಗಲಿಲ್ಲ. ದಿನಾ ಮಾಛ್ ತೊಳೆದ ನೀರು ತಂದು ಹಾಕಿದೆ. ಗಿಡಕ್ಕೆ ಅದರಂಥ ಅಮೃತ ಇಲ್ಲ!"

ಅತ್ತೆಗೆ ಬಂಗಾಳಿ ಬಾರದು. ಆದರೆ ಮಾಛ್ ಎಂದರೆ ಮೀನು ಎಂದು ಬಂದ ವಾರವೇ ಕಲಿತಿದ್ದರು, ಮುನ್ನೆಚ್ಚರಿಕೆಗೆ. ಮುಗಿದ ಕೈ ಬಿಚ್ಚಿಕೊಂಡಿತು. ಕೆಳಗಿಳಿದು ಹೋದರು.

ಆಮೇಲೆ ಅವರು ಟೆರೇಸಿಗೆ ಕಾಲಿಡಲಿಲ್ಲ. ಗೆಲ್ಲು ತುಂಬ ಮೊಗ್ಗು ಬಲಿಯುತ್ತಿತ್ತು, ಕೃಷ್ಣ ಕಾಯುತ್ತಿದ್ದ. ನಾನು ನನ್ನ ಅರೆಬೆಂದ ಪಾಂಡಿತ್ಯ ತೆಗೆದೆ. ನಮ್ಮ ಪ್ರಾಚೀನ ವೃಕ್ಷವೈದ್ಯರು ಮೀನು, ಮಾಂಸ ಕೊಳೆಸಿ ಕುಣಪಜಲವೆಂಬ ಗೊಬ್ಬರ ಮಾಡುತ್ತಿದ್ದರಂತೆ ಅತ್ತೆ, ಎಂದೆ. "ನಿನ್ನ ಪುರಾಣ ಸಾಕು" ಎಂದರು.

ಒಂದು ಬೆಳಿಗ್ಗೆ ಕಾಫಿಯ ವಾಸನೆಯನ್ನೂ ಮೀರಿಸಿ ಮನೆ ತುಂಬ ಪರಿಮಳ. ದೇವರ ಕೋಣೆಯ ಹೊಸ್ತಿಲಲ್ಲಿ ಅತ್ತೆ ಬಾಳೆನಾರು ನೆನೆಸಿಟ್ಟು ಹೂ ಕಟ್ಟುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಗದರಿದರು: "ಎಂತ ನೋಡ್ತಿ? ನನ್ನ ಅಪ್ಪ ತೆಂಗಿನ ಬುಡಕ್ಕೆ ಬೂತಾಯಿ ಮೀನಿನ ಗೊಬ್ಬರ ಹಾಕಿಸ್ತಿದ್ರು ಮಾರಾಯ್ತಿ. ಆ ಕಾಯಿಯನ್ನೇ ಅಲ್ವಾ ನಾವು ದೇವರಿಗೆ ಒಡೆದದ್ದು? ಇಷ್ಟು ವರ್ಷದಲ್ಲಿ ಕೃಷ್ಣ ಮೂಗು ಮುಚ್ಚಿಕೊಂಡದ್ದು ನಾನಂತೂ ಕಾಣ್ಲಿಲ್ಲ."

ಕೃಷ್ಣನ ಕೊರಳಿಗೆ ಗೇಣುದ್ದದ ಮಾಲೆ ಬಿತ್ತು. ನಾನು ಬಗ್ಗಿ ಮೂಸಿದೆ. ಮೀನಿನ ಸುಳಿವೂ ಇಲ್ಲ, ರೈಲಿನ ಧೂಳೂ ಇಲ್ಲ, ಬರೀ ಮಲ್ಲಿಗೆ. ಅಂಗೈಯಗಲದ ಕುಂಡದಲ್ಲಿ ಯಾರು ಕೂತು ಸೋಸಿದರು ಇದನ್ನೆಲ್ಲ? ಮಣ್ಣಿಗೆ ಮಡಿಯೇ ಇಲ್ಲ ಎನ್ನಬೇಕೋ, ಮಣ್ಣಿನಷ್ಟು ಮಡಿ ಇನ್ನೊಂದಿಲ್ಲ ಎನ್ನಬೇಕೋ, ನನಗೆ ಇವತ್ತಿಗೂ ತಿಳಿದಿಲ್ಲ.

ಉಳಿದ ತುಂಡು ಹೂವನ್ನು ಹಿಡಿದು ಅತ್ತೆ ತಾವೇ ಕೆಳಗಿಳಿದರು. ಮೀನಿನ ವಾಸನೆಗೆ ಹೆದರಿ ಎಂದೂ ದಾಟದ ಹೊಸ್ತಿಲನ್ನು ದಾಟಿ ಬೌದಿಯ ತುರುಬಿಗೆ ಮುಡಿಸಿ ಬಂದರು. ಬಂದವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಕೃಷ್ಣನಿಗೆ ಕೇಳಿಸದಷ್ಟು ಮೆಲ್ಲಗೆ ನನಗೆ ಹೇಳಿದರು:

"ದಾಸವಾಳವೂ ಸೊರಗಿದೆ. ನಾಳೆ ಅವರ ಮನೆಯಲ್ಲಿ ಮೀನು ಉಂಟಾ, ಕೇಳು."