ಸಿಡಿಲು ಬಡಿದ ಮೇಲೆ ಸಲೀಮಾ ಮನೆಗೆ ಬಂದ ಸಾಮಾನು

ಗುಬ್ಬಿಯಲ್ಲಿ ನಮ್ಮ ಎದುರುಮನೆಯ ಖುರ್ಷಿದ್ ಪಾಷಾ ಅವರಿಗೆ ತುಮಕೂರಿನಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ರಾತ್ರಿಗೆ ವಾಪಸ್ಸು. ಬರಿಗೈಯಲ್ಲಿ ಬಂದದ್ದನ್ನು ನಾನು ನೋಡಿದ್ದೇ ಕಡಿಮೆ. ಅಂಗಡಿಗೆ ಯಾವ ಹೊಸ ಸಾಮಾನು ಬಂದರೂ ಅದರಲ್ಲೊಂದು ಮೊದಲು ಮನೆ ಸೇರುತ್ತಿತ್ತು. "ನಾನೇ ಬಳಸ್ದೇ ಇರೋದನ್ನ ಇನ್ನೊಬ್ರಿಗೆ ಹೆಂಗೆ ಮಾರ್ಲಿ ದಾಕ್ಷಾಯಣಕ್ಕ?" ಎನ್ನುತ್ತಿದ್ದರು. ಮಾತೇನೋ ನೇರವಾದದ್ದೇ. ಆದರೆ ಪರೀಕ್ಷೆ ಮುಗಿದ ಮೇಲೂ ಆ ಸಾಮಾನು ಮನೆ ಬಿಟ್ಟು ಹೋಗುತ್ತಿರಲಿಲ್ಲ.

ಎರಡು ಸಾವಿರದ ಎರಡರ ಹೊತ್ತಿಗೆ ಆ ಮನೆಯಲ್ಲಿ ಕಾಲಿಡಲು ಜಾಗ ಹುಡುಕಬೇಕಿತ್ತು. ಟಿವಿ, ಅದರ ತಲೆಯ ಮೇಲೆ ವಿಸಿಡಿ ಪ್ಲೇಯರು, ಜೋಡಿ ಟೇಪ್ ರೆಕಾರ್ಡರು, ಗಂಟೆ ಹೇಳುವ ಗಡಿಯಾರ, ಅಡುಗೆಮನೆಯಲ್ಲಿ ಟೋಸ್ಟರು. ಜ್ವರ ಬಂದಾಗ ಬಿಟ್ಟರೆ ಆ ಮನೆಯಲ್ಲಿ ಬ್ರೆಡ್ ತಿನ್ನುವವರೇ ಇರಲಿಲ್ಲ. ಅವರ ಹೆಂಡತಿ ಸಲೀಮಾ ಮನೆಯಲ್ಲೇ ರವಿಕೆ, ಬುರ್ಖಾ ಹೊಲಿಯುತ್ತಿದ್ದಳು. ಅವಳ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನಿಗೂ ಗಂಡ ಮೋಟಾರು ಕೂರಿಸಿದ್ದರು.

ಸಲೀಮಾ ಕುಣಿಗಲ್ಲಿನ ಹುಡುಗಿ. ಯಾರಾದರೂ ಹೊಸ ಬಟ್ಟೆ ತೋರಿಸಿದರೆ ಮೊದಲು ಅದನ್ನು ಒಳಮಗ್ಗುಲಿಗೆ ತಿರುಗಿಸಿ ಹೊಲಿಗೆ ನೋಡುತ್ತಿದ್ದಳು, ಆಮೇಲೆ ಚೆನ್ನಾಗಿದೆ ಎನ್ನುತ್ತಿದ್ದಳು. ಎಲ್ಲದರಲ್ಲೂ ಅವಳದು ಅದೇ ಸ್ವಭಾವ.

ಆ ವರ್ಷ ಮೇ ತಿಂಗಳ ಒಂದು ಸಂಜೆ ಅವರ ಹಿತ್ತಲಿನ ತೆಂಗಿನಮರಕ್ಕೆ ಸಿಡಿಲು ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮನೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸಿದ್ದ ಸಾಮಾನೆಲ್ಲ ಸುಟ್ಟು ಕರಕಲು ವಾಸನೆ ಹೊಡೆಯುತ್ತಿತ್ತು. ಪಾಷಾ ತಲೆ ಮೇಲೆ ಕೈ ಹೊತ್ತು ಕೂತರು. ಮಾರನೆಯ ದಿನ ವೈರಿಂಗಿನವನು ಬಂದು ಬಲ್ಬು, ಫ್ಯಾನು ಸರಿಮಾಡಿ ಹೋದ. "ಉಳಿದಿದ್ದೆಲ್ಲ ಭಾನುವಾರ ಅಂಗಡಿಯಿಂದ ಆಟೋದಲ್ಲಿ ಹಾಕ್ಕೊಂಡು ಬರ್ತೀನಿ" ಎಂದು ಪಾಷಾ ಹೊರಟರು.

ಸಲೀಮಾ ತಡೆದಳು. "ಎಲ್ಲಾ ಒಂದೇ ಸಲ ತರ್ಬೇಡಿ. ಯಾರು ಏನು ಕೇಳ್ತಾರೋ ನೋಡೋಣ. ಕೇಳಿದ್ದನ್ನ ಮಾತ್ರ ತನ್ನಿ."

"ಎಲ್ರೂ ಎಲ್ಲಾ ಕೇಳ್ತಾರೆ ಕಣೇ."

"ಕೇಳ್ಲಿ. ಯಾಕೆ ಬೇಕು ಅಂತಾನೂ ಹೇಳ್ಲಿ. ಮೊದ್ಲು ಇತ್ತಲ್ಲ ಅನ್ನೋದು ಮಾತ್ರ ನಡೆಯಲ್ಲ."

ಅವಳಿಗೆ ಹಟವೇನೂ ಇರಲಿಲ್ಲ, ಬರೀ ಕುತೂಹಲ. ಅದು ನನಗೂ ಅಂಟಿಕೊಂಡಿತು. ಮೊದಲು ಕೇಳುವುದು ಟಿವಿಯನ್ನೇ ಎಂದು ನಾನು ಪಂದ್ಯ ಕಟ್ಟಿದೆ.

ಮೊದಲು ಬಾಯಿಬಿಟ್ಟವರು ಪಾಷಾರ ತಾಯಿ. ಕಣ್ಣಿಗೆ ಪೊರೆ ಬಂದಿದ್ದ ಅಮ್ಮಿ ಹಿಂದಿನ ಕೋಣೆಯಲ್ಲೇ ಇರುತ್ತಿದ್ದರು. ಅವರಿಗೆ ಬೇಕಾಗಿದ್ದು ಒತ್ತಿದರೆ ಹಕ್ಕಿ ಕೂಗುತ್ತಿದ್ದ ಕಾಲಿಂಗ್ ಬೆಲ್! "ಅದು ಕೂಗಿದ್ರೆ ಯಾರೋ ಬಂದ್ರು ಅಂತ ಗೊತ್ತಾಗ್ತಿತ್ತು. ಈಗ ಬಂದೋರು ಹೋದ್ಮೇಲೆ ನೀವು ಹೇಳ್ತೀರಿ" ಎಂದರಂತೆ. ಆ ಮನೆಗೆ ಹದಿನೈದು ವರ್ಷದಿಂದ ಹೋಗಿ ಬರುತ್ತಿದ್ದ ನನಗೆ ಇದು ಹೊಳೆದೇ ಇರಲಿಲ್ಲ. ಬೆಲ್ಲು ಅಂದೇ ಬಂತು. ಅಂದಿನಿಂದ ನಾನು ಬಾಗಿಲು ತೆರೆದಿದ್ದರೂ ಒತ್ತಿಯೇ ಒಳಗೆ ಹೋಗುತ್ತಿದ್ದೆ.

ಎರಡನೆಯದಾಗಿ ಕೇಳಿದ್ದು ಸ್ವತಃ ಸಲೀಮಾ: ಮಿಕ್ಸಿ. "ಬರೀ ಎರಡೇ ದಿನಕ್ಕಾ?" ಎಂದು ನಕ್ಕೆ. "ಒರಳು ತಿರುವಿ ಭುಜ ಬಿದ್ದೋಯ್ತು ಅಕ್ಕ. ಒರಳಿನ ಮೇಲೆ ನಂಗೇನೂ ಭಕ್ತಿ ಇಲ್ಲ ಬಿಡಿ" ಎಂದಳು. ಆದರೆ ಹೊಲಿಗೆ ಮೋಟಾರನ್ನು ಅವಳು ಕೇಳಲೇ ಇಲ್ಲ. ಕಾಲಲ್ಲಿ ತುಳಿದರೆ ಬೇಕಾದ ಹೊಲಿಗೆಗೆ ಸರಿಯಾಗಿ ನಿಲ್ಲಿಸಬಹುದು, ಮೋಟಾರಾದರೆ ಅದು ಕೈಗಿಂತ ಮುಂದೆ ಓಡುತ್ತದೆ ಎನ್ನುವುದು ಅವಳ ಲೆಕ್ಕ.

ಮಗಳು ಅಂಬ್ರೀನ್ ಕಾಲೇಜಿಗೆ ಹೋಗುತ್ತಿದ್ದಳು. ಸಂಜೆ ಧಾರಾವಾಹಿ ನೋಡಲು ನಮ್ಮನೆಗೆ ಬಂದು, ನೋಡುವುದಕ್ಕಿಂತ ಹೆಚ್ಚು ನನ್ನ ಜೊತೆ ಹರಟೆ ಹೊಡೆಯುತ್ತಿದ್ದಳು. ಹಾಗಾಗಿ ಟಿವಿಯನ್ನು ಕೇಳಲಿಲ್ಲ. ಕೇಳಿದ್ದು ಟೇಪ್ ರೆಕಾರ್ಡರು. ಪಾಠವನ್ನು ತಾನೇ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಂಡು, ಬಟ್ಟೆ ಒಗೆಯುವಾಗ ಕೇಳುತ್ತಿದ್ದಳಂತೆ. ಹೆತ್ತವರಿಗೇ ಅದು ಗೊತ್ತಿರಲಿಲ್ಲ.

ಪಾಷಾ ಮಾತ್ರ ಏನನ್ನೂ ಕೇಳಲಿಲ್ಲ. ಅಂಗಡಿಯಲ್ಲಿ ದಿನವಿಡೀ ಸಾಲು ಟಿವಿಗಳ ಮುಂದೆ ಕೂತವರಿಗೆ ಮನೆಯಲ್ಲಿ ಸದ್ದಿಲ್ಲದಿರುವುದು ಮೊದಮೊದಲು ಕಿವಿ ಕಟ್ಟಿದ ಹಾಗಾಗುತ್ತಿತ್ತಂತೆ. ಆಮೇಲೆ ಊಟವಾದ ಮೇಲೆ ಜಗುಲಿಗೆ ಬಂದು ಕೂರುವುದು ರೂಢಿಯಾಯಿತು. ಫ್ರಿಜ್ಜನ್ನು ಬಕ್ರೀದ್ ಬರುವವರೆಗೂ ಯಾರೂ ನೆನೆಸಲಿಲ್ಲ. ಬಕ್ರೀದಿಗೂ ಹಂಚುವ ಮಾಂಸವನ್ನೆಲ್ಲ ಬೆಳಿಗ್ಗೆಯೇ ಹಂಚಿ ಮುಗಿಸಿದರು.

ಆದರೆ ಅಂಗಡಿಯಲ್ಲಿ ತಕರಾರು ಶುರುವಾಯಿತು. ಹೆಬ್ಬೂರಿನ ಹೊನ್ನಯ್ಯ ಎಂಬ ಹಳೇ ಗಿರಾಕಿ ಮಗಳ ಮದುವೆಗೆ ಉಡುಗೊರೆ ಕೊಳ್ಳಲು ಬಂದವರು ಎಲ್ಲರೆದುರೇ ಕೇಳಿದರಂತೆ: "ಏನ್ ಸಾಬ್ರೇ, ನಿಮ್ಮನೇಲೇ ಟಿವಿ ಇಲ್ವಂತಲ್ಲ! ಮಾಲಲ್ಲೇನಾದ್ರೂ ಐಬಾ?"

ಪಾಷಾ ಅಂದು ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದರು. ಅವರ ದನಿ ನಮ್ಮ ಮನೆಗೂ ಕೇಳಿಸಿತು. "ಸಾಕು ನಿನ್ನ ತಮಾಷೆ! ನಾಳೆನೇ ಟಿವಿ ತರ್ತೀನಿ. ಜನ ನನ್ನ ಅಂಗಡಿ ಮೇಲೇ ಅನುಮಾನ ಪಡ್ತಾವ್ರೆ."

ಸಲೀಮಾ ತಟ್ಟೆ ಇಡುತ್ತಾ ಕೇಳಿದಳಂತೆ, "ಅವ್ರು ಏನ್ ತಗೊಂಡ್ರು?"

"ಇನ್ನೂ ಇಲ್ಲ. ದೊಡ್ಡದೊಂದು ಫುಡ್ ಪ್ರೊಸೆಸರ್ ನೋಡಿ ಹೋಗವ್ರೆ."

"ಅದರಲ್ಲಿ ಆ ಹುಡುಗಿ ಏನು ಮಾಡ್ತಾಳಂತೆ?"

ಅಷ್ಟು ವರ್ಷ ವ್ಯಾಪಾರ ಮಾಡಿದ್ದರೂ ಈ ಪ್ರಶ್ನೆಯನ್ನು ಪಾಷಾ ಯಾರಿಗೂ ಕೇಳಿರಲಿಲ್ಲ. ಟಿವಿ ತರುವ ಮಾತು ಅಲ್ಲಿಗೇ ನಿಂತಿತು.

ಹೊನ್ನಯ್ಯ ಮತ್ತೆ ಬಂದಾಗ ಪಾಷಾ ಅದನ್ನೇ ಕೇಳಿದರು. "ಅವ್ಳನ್ನೇ ಕರ್ಕಂಡು ಬತ್ತೀನಿ ಬುಡಿ" ಎಂದು ಹೋದ ಹೊನ್ನಯ್ಯ ಮುಂದಿನ ವಾರ ಮಗಳ ಜೊತೆ ಬಂದರು. ಹುಡುಗಿ ಅಂಗಡಿಯೆಲ್ಲ ಸುತ್ತಿದಳು. ಗುಂಡಿಗಳನ್ನೆಲ್ಲ ಒತ್ತಿ ನೋಡಿದಳು. ಕೊನೆಗೆ ಒಂದು ಇಸ್ತ್ರಿಪೆಟ್ಟಿಗೆಯ ತೂಕವನ್ನು ಕೈಯಲ್ಲಿ ನೋಡಿ, "ಇದು ಸಾಕು" ಎಂದಳು. ಗಂಡನಾಗುವವನು ಕುಣಿಗಲ್ಲಿನಲ್ಲಿ ಬಸ್ ಕಂಡಕ್ಟರಂತೆ. "ನೋಡಕ್ ಬಂದಾಗ ಅವ್ರ ಯೂನಿಫಾರಂ ಮುದ್ದೆಯಾಗಿತ್ತು" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳಂತೆ. ದೊಡ್ಡ ವ್ಯಾಪಾರ ಕೈತಪ್ಪಿದ್ದರೂ ಪಾಷಾ ಆ ರಾತ್ರಿ ಜಗುಲಿಯಲ್ಲಿ ಕೂತು ಈ ಕಥೆಯನ್ನು ನಮಗೆಲ್ಲ ಹೇಳಿದರು. ಅವರ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಮೊದಲು ಕಂಡಿರಲಿಲ್ಲ.

ಅಲ್ಲಿಂದ ಮುಂದೆ ಅವರಿಗೂ ಅದೇ ಗೀಳು ಹತ್ತಿತು. ಬಂದವರನ್ನೆಲ್ಲ, "ಮನೇಲಿ ಇದನ್ನ ಯಾರು ಬಳಸ್ತಾರೆ?" ಎಂದು ಕೇಳತೊಡಗಿದರು. ಕೆಲವರು ಕೂತು ವಿವರವಾಗಿ ಹೇಳುತ್ತಿದ್ದರು. ಕೆಲವರು, "ದುಡ್ಡು ಕೊಡೋರು ನಾವು, ನಿಮಗ್ಯಾಕ್ರೀ?" ಎಂದು ಪಕ್ಕದಂಗಡಿಗೆ ನಡೆಯುತ್ತಿದ್ದರು. ವ್ಯಾಪಾರ ಏರಲೂ ಇಲ್ಲ, ಇಳಿಯಲೂ ಇಲ್ಲ. ತಮ್ಮ ಬಳಿ ಇದ್ದ ಎರಡು ಮೊಬೈಲಿನಲ್ಲಿ ಒಂದನ್ನು ಅವರು ತಾವಾಗಿಯೇ ಬಿಟ್ಟರು. ಎರಡರಲ್ಲೂ ಕರೆಯುತ್ತಿದ್ದವರು ಅದೇ ಜನ ಎಂದರು.

ಎರಡು ವರ್ಷ ಕಳೆದ ಮೇಲೆ ಅಮ್ಮಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಒಂದು ದಿನ ಮಗನನ್ನು ಕರೆದು, "ಒಂದು ಟಿವಿ ತಂದಿಡೋ" ಎಂದರು.

"ನಿಂಗೆ ಕಣ್ಣು ಕಾಣಲ್ವಲ್ಲ ಅಮ್ಮಿ?"

"ನಂಗಲ್ಲ. ಟಿವಿ ಇದ್ರೆ ನೀವೆಲ್ಲ ಈ ರೂಮಿಗೆ ಬರ್ತೀರಿ."

ಮಾರನೆಯ ದಿನವೇ ಟಿವಿ ಹಿಂದಿನ ಕೋಣೆಗೆ ಬಂತು. ಸಂಜೆ ಸಲೀಮಾ ಕಾಜ ಹೊಲಿಯುವ ರವಿಕೆಗಳನ್ನು ಅಲ್ಲಿಗೇ ತರುತ್ತಿದ್ದಳು, ಅಂಬ್ರೀನ್ ಅಜ್ಜಿಯ ಕಾಲು ಒತ್ತುತ್ತಿದ್ದಳು, ನಾನೂ ಹೋಗಿ ಗೋಡೆಗೊರಗಿ ಕೂರುತ್ತಿದ್ದೆ. ಅಮ್ಮಿ ಸ್ವಲ್ಪ ಹೊತ್ತಿಗೆಲ್ಲ ಗೊರಕೆ ಹೊಡೆಯುತ್ತಿದ್ದರು. ಟಿವಿ ಆರಿಸಿದರೆ ಮಾತ್ರ ತಟ್ಟನೆ ಎಚ್ಚರವಾಗಿ, "ಯಾಕೆ, ಹೊರಟ್ರಾ?" ಎನ್ನುತ್ತಿದ್ದರು.