ಟೇಬಲ್ ಮೇಲೆ ಬೋರಲಿಟ್ಟ ಪುಸ್ತಕ

೧೯೭೫ರಲ್ಲಿ ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಎರಡನೇ ದರ್ಜೆ ಗುಮಾಸ್ತ. ಆ ಊರಿನ ಹೆಸರು ಬೇಡ. ಹೊಸದುರ್ಗದಿಂದ ದಿನವೂ ಎಂಟೂವರೆ ಬಸ್ಸಿಗೆ ಹೋಗಿ ಬರುತ್ತಿದ್ದೆ ಎಂದರೆ ಸಾಕು. ಚೀಲದಲ್ಲಿ ರೊಟ್ಟಿ ಡಬ್ಬಿ, ಕೊಡೆ, ಬಸ್ ಸ್ಟ್ಯಾಂಡಿನ ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದ ಒಂದು ಪತ್ತೇದಾರಿ ಕಾದಂಬರಿ ಇರಲೇಬೇಕು.

ಕಾದಂಬರಿ ಯಾಕೆಂದರೆ, ದಿನವಿಡೀ ನಾನು ಓದುತ್ತಿದ್ದುದು ಆಸ್ತಿ ಪತ್ರಗಳನ್ನು. "ಸದರಿ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ" ಎಂದು ಶುರುವಾದ ವಾಕ್ಯ ಮುಗಿಯುವುದು ಎರಡನೇ ಪುಟದಲ್ಲಿ. ಬರೆದುಕೊಡುವವರಿಗೆ ಓದು ಬಾರದಿದ್ದರೆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳುವುದು ನನ್ನ ಪಾಲಿನ ಕೆಲಸ. ಆಮೇಲೆ "ಓದಿ ತಿಳಿಸಲಾಯಿತು, ಒಪ್ಪಿದರು" ಎಂದು ಷರಾ ಬರೆಯಬೇಕು. ಆಮೇಲೆ ಸಬ್ ರಿಜಿಸ್ಟ್ರಾರ್ ಸಾಹೇಬರ ಎದುರು ಹೆಬ್ಬೆಟ್ಟು. ಅಂಥ ನಾಲ್ಕು ಪತ್ರ ಮುಗಿಸಿ ಎರಡು ಪುಟ ಪತ್ತೇದಾರಿ ಓದಿದರೆ ತಲೆಗೆ ತಣ್ಣೀರು ಹೊಯ್ದುಕೊಂಡಂತೆ ಆಗುತ್ತಿತ್ತು.

ಒಂದು ಸೋಮವಾರ ರುದ್ರಪ್ಪ ಎಂಬ ರೈತರು ತೀರಿಹೋದ ತಮ್ಮನ ಹೆಂಡತಿ ಹಾಲಮ್ಮನನ್ನು ಕರೆತಂದರು. ಮೂವತ್ತರ ಆಸುಪಾಸಿನ ಹೆಂಗಸು, ಮಕ್ಕಳಿಲ್ಲ. ಗಂಡನ ಪಾಲಿನ ಎರಡು ಎಕರೆ ತೆಂಗಿನ ತೋಟ ಆಕೆಗೆ ಬಂದಿತ್ತು. ಪತ್ರ ಹಕ್ಕು ಬಿಡುಗಡೆಯದು, ಅಂದರೆ ಆ ತೋಟವನ್ನು ಭಾವನಿಗೆ ಬಿಟ್ಟುಕೊಡುವುದು. "ಓದು ಬರಲ್ಲ ಸಾರ್, ಹೆಬ್ಬೆಟ್ಟು" ಎಂದರು ರುದ್ರಪ್ಪ. ನಾನು ಒಂದೇ ಉಸಿರಿಗೆ ಓದಿದೆ. ಆಕೆ ಮೂರು ಸಲ "ಹೂಂ ಸಾರ್" ಅಂದಳು. ಷರಾ ಬರೆದೆ. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ರುದ್ರಪ್ಪ ಟೀ ಕುಡಿಯಲು ಎದ್ದರು. ನಾನು ಕಾದಂಬರಿಯನ್ನು ಟೇಬಲ್ ಮೇಲೆ ಬೋರಲಿಟ್ಟು, ಊಟಕ್ಕೆ ಮೊದಲು ಕೈ ತೊಳೆಯಲು ಹಿತ್ತಲಿಗೆ ಹೋದೆ.

ಬಂದು ನೋಡಿದರೆ ಹಾಲಮ್ಮ ಪುಸ್ತಕ ಹಿಡಿದು, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

"ರಟ್ಟಿನ ಮೇಲಿನ ಚಿತ್ರ ಚೆನ್ನಾಗೈತೇನಮ್ಮ?" ಎಂದೆ.

"ಚಿತ್ರ ಅಲ್ಲ ಸಾರ್. ಈ ದಪ್ಪ ಪತ್ತೇದಾರ ಕಳ್ಳನ್ನ ಹಿಡಿಯಾಕೆ ರಾಗಿ ಕಣಜಕ್ಕೆ ಇಳ್ದವ್ನೆ. ಈಗ ಮ್ಯಾಕೆ ಬರಾಕೆ ಆಗ್ತಿಲ್ಲ!"

ನಾನೇ ಇನ್ನೂ ಆ ಪುಟಕ್ಕೆ ಬಂದಿರಲಿಲ್ಲ.

"ನಿಂಗೆ ಓದು ಬರ್ತೈತಾ?"

"ಬರ್ತೈತೆ. ತೋಟ ಕಾಯಾಕೆ ಹೋದಾಗ ನಮ್ಮನೇರು ಕಲಿಸಿದ್ರು. ಇಂಥವೇ ಪುಸ್ತಕ ತರೋರು. ಮನ್ಯಾಗೆ ಓದಿದ್ರೆ ಕೆಲಸಗಳ್ಳಿ ಅಂತಾರೆ, ಅದ್ಕೆ ತೋಟದಾಗೇ ಓದ್ತಿದ್ದೆ."

"ಮತ್ತೆ ಹೆಬ್ಬೆಟ್ಟು?"

"ಭಾವ ಅಂದ್ರು. ನೀವೂ ಕೇಳ್ಲಿಲ್ಲ."

"ಆಗಲೇ ನಾನು ಓದಿದ್ದು ಏನು ತಿಳೀತು?"

"ತೋಟದ ಖಾತೆ ನನ್ನ ಹೆಸರಿಗೆ ಆಗ್ತೈತೆ ಅಂತ ಭಾವ ಹೇಳವ್ರೆ. ನೀವು ಓದಿದ್ದು ಮಂತ್ರ ಅಂದಂಗಿತ್ತು. ಮಂತ್ರಕ್ಕೆ ಹೂಂ ಅನ್ನದೆ ಏನನ್ನಾಣ?"

ನಾನು ಕುಳಿತು ಪತ್ರವನ್ನು ಮುಂದಕ್ಕೆ ಎಳೆದುಕೊಂಡೆ. ಷರಾದ ಶಾಯಿ ಆರಿತ್ತು. ಅದನ್ನು ಆಕೆಯ ಕಡೆ ತಿರುಗಿಸಿದೆ. ಆಕೆ ಬೆರಳಿಟ್ಟು, ಅಕ್ಷರ ಕೂಡಿಸಿ ಓದುತ್ತಾ ಹೋಗಿ ಒಂದು ಕಡೆ ನಿಂತಳು.

"ಹಕ್ಕು ಇರುವುದಿಲ್ಲ ಅಂತೈತೆ. ಯಾರಿಗೆ ಇರಲ್ಲ ಸಾರ್?"

"ನಿಂಗೆ."

ಆಕೆ ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ರುದ್ರಪ್ಪ ಬಂದಾಗ ಆಕೆಯೇ ಹೇಳಿದಳು: "ಭಾವ, ನಾನು ಪತ್ರ ಓದಿದೆ."

"ನೀನು? ಅಕ್ಷರ ಕಂಡೀಯೇನಮ್ಮ ನೀನು?" ಎಂದು ಅವರು ನಕ್ಕರು. ಆಕೆ ಆ ಸಾಲನ್ನು ಗಟ್ಟಿಯಾಗಿ ಓದಿದಳು. ರುದ್ರಪ್ಪನವರ ನಗು ಅಲ್ಲಿಗೇ ನಿಂತಿತು. ನನ್ನ ಕಡೆ ತಿರುಗಿ, "ನೀವು ಗುಮಾಸ್ತರೋ, ಸಾಲೆ ಮೇಷ್ಟ್ರೋ?" ಎಂದರು.

ಸಾಹೇಬರು ಬಂದ ಮೇಲೆ ಹಾಲಮ್ಮ ಎದ್ದು ನಿಂತು "ನಾನು ಒಪ್ಪಲ್ಲ ಸಾರ್" ಎಂದಳು. ಪತ್ರ ನೋಂದಣಿ ಆಗಲಿಲ್ಲ. ನನ್ನ ಷರಾವನ್ನು ಕೆಂಪು ಶಾಯಿಯಲ್ಲಿ ಹೊಡೆದು ಸಹಿ ಹಾಕಿದೆ. ತಿಳಿಸದೆಯೇ ತಿಳಿಸಿದೆ ಎಂದು ಬರೆದದ್ದಕ್ಕೆ ಸಾಹೇಬರು ಮೆಮೊ ಕೊಟ್ಟರು. ನ್ಯಾಯವಾಗಿಯೇ ಇತ್ತು.

"ಬಸ್ಸು ಹೋಗ್ತೈತೆ, ನಡಿಯಮ್ಮ" ಎಂದು ರುದ್ರಪ್ಪ ಬಾಗಿಲಿಂದ ಗದರಿದರು.

"ನೀವು ಹೋಗ್ರಿ ಭಾವ. ಈ ಪುಸ್ತಕದಾಗೆ ಇನ್ನೂ ಒಂಬತ್ತು ಪುಟ ಐತೆ."

ಬೆಂಚಿನ ಮೇಲೆ ಕುಳಿತು ಓದಿ ಮುಗಿಸಿಯೇ ಎದ್ದಳು. ಪುಸ್ತಕ ಕೊಡುತ್ತಾ, "ಕೊನೆಗೆ ಆ ಕಳ್ಳನೇ ಹಗ್ಗ ಬಿಟ್ಟು ಪತ್ತೇದಾರನ್ನ ಮ್ಯಾಕೆತ್ತಿದ ಸಾರ್!" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಆಕೆ ಹೋದ ಮೇಲೆ ಹೆಬ್ಬೆಟ್ಟಿನ ರಿಜಿಸ್ಟರ್ ತೆರೆದೆ. ಪುಟ ತುಂಬ ನೀಲಿ ಹೆಬ್ಬೆಟ್ಟುಗಳು. ಪ್ರತಿಯೊಬ್ಬರಿಗೂ ನಾನೇ ಮಂತ್ರ ಓದಿದ್ದೆ. ನಾಲ್ಕು ಪುಟ ತಿರುವಿ ಮುಚ್ಚಿಬಿಟ್ಟೆ.

ಮುಂದೆ ಸರ್ವಿಸ್ ಇದ್ದಷ್ಟು ದಿನವೂ ಮೊದಲು "ಓದು ಬರ್ತೈತಾ?" ಎಂದು ಅವರನ್ನೇ ಕೇಳುತ್ತಿದ್ದೆ. ಪತ್ರ ಓದಿದ ಮೇಲೆ ಅದನ್ನು ಮಗುಚಿಟ್ಟು, "ಈಗ ಇದರಾಗೆ ಏನೈತೆ, ನೀವೇ ಹೇಳ್ರಿ" ಎನ್ನುತ್ತಿದ್ದೆ. ಕತೆ ಹೇಳಿದ ಹಾಗೆ ಅವರು ತಿರುಗಿ ಹೇಳುವವರೆಗೂ ಷರಾ ಬರೆಯುತ್ತಿರಲಿಲ್ಲ. ಸಾಲು ಬೆಳೆಯುತ್ತಿತ್ತು, ಸಾಹೇಬರು ಗೊಣಗುತ್ತಿದ್ದರು. ಪತ್ತೇದಾರಿ ಓದಲು ಬಸ್ಸೊಂದೇ ಉಳಿಯಿತು.